ಪೇಟೆ ಸುತ್ತಿ ಲಾಪ್ಸಿಗೆ

ಚೆನ್ಸುವಿಗೆ ಈ ಭೂಮಿಯ ಮೇಲೆ ಚೆನ್ನಾಗಿ ಗೊತ್ತಿದ್ದ ದಾರಿ ಒಂದೇ. ಸಿಜೀವಿ ಊರಿನ ಚರ್ಚಿನ ಮುಂದಿನ ಚೌಕದಲ್ಲಿ ಹೊರಟು, ಝೆಬ್ಬೂಜ್ ದಾಟಿ, ಓರ್ಮಿ ದಾಟಿ, ದ್ವೀಪದ ರಾಜಧಾನಿ ವಲೆಟ್ಟಾ ಪೇಟೆಯ ಹೆಬ್ಬಾಗಿಲ ಎದುರಿನ ಕಾರಂಜಿಯ ಹತ್ತಿರ ಹೋಗಿ ನಿಲ್ಲುವ ದಾರಿ. ಹತ್ತು ಹನ್ನೊಂದು ಕಿಲೋಮೀಟರ್ ಇದ್ದೀತು. ಆ ದಾರಿಯಲ್ಲಿ ಅವನು ಮೂವತ್ತಮೂರು ವರ್ಷ ಬಸ್ಸು ಓಡಿಸಿದ್ದ. ಊರಿನ ಬ್ಯಾಂಡ್ ಸಂಘದ ಬಾರಿನಲ್ಲಿ ಕೂತಾಗ ಅವನೇ ಲೆಕ್ಕ ಹಾಕಿ ಹೇಳುತ್ತಿದ್ದ: "ನಾನು ಭೂಮೀನ ಹನ್ನೆರಡು ಸುತ್ತು ಸುತ್ತಿದೀನಿ ಕಣ್ರಪ್ಪಾ. ಹನ್ನೆರಡು ಸುತ್ತೂ ಓರ್ಮಿ ಮೇಲೇ."

ಬಸ್ಸು ಅವನ ಸ್ವಂತದ್ದು, ಅಪ್ಪನಿಂದ ಬಂದದ್ದು. ಹಳದಿ ಮೈ, ಸೊಂಟಕ್ಕೊಂದು ಕಿತ್ತಳೆ ಪಟ್ಟಿ, ಕನ್ನಡಿಯ ಮೇಲೆ ಚಿಕ್ಕ ದೀಪಗಳ ನಡುವೆ ಮೇರಿ ಮಾತೆಯ ಪಟ. ಬಾಗಿಲು ಎಂಬುದೊಂದು ಇತ್ತು, ಆದರೆ ಅದನ್ನು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಬೇಸಿಗೆಯ ಭಾನುವಾರಗಳಲ್ಲಿ ಊರಿಗೆ ಊರೇ ತಿರುಗಾಡಲು ಹೊರಡುವಾಗ ಚೆನ್ಸುವಿಗೆ ಬಿಡುವೇ ಇರುತ್ತಿರಲಿಲ್ಲ. ಹೀಗಾಗಿ ಅವನ ಹೆಂಡತಿ ಜುದಿತ್ತಾ, ಮಗಳು ರೋಸಿಯೆನ್ ಇಬ್ಬರೂ ಅವನ ಜೊತೆ ಹೊರಗೆ ಹೋಗಬೇಕೆಂದರೆ ಅವನ ಬಸ್ಸನ್ನೇ ಹತ್ತುತ್ತಿದ್ದರು. ಅವನ ಹಿಂದಿನ ಸೀಟು. ಜುದಿತ್ತಾಳ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಮಕರೋನಿ ತಟ್ಟೆ. ಪೇಟೆಗೆ ಹೋಗಿ, ಕಾರಂಜಿಯ ಕಟ್ಟೆಯ ಮೇಲೆ ಕೂತು ತಿಂದು, ಅದೇ ಬಸ್ಸಿನಲ್ಲಿ ವಾಪಸ್ಸು. ತಾನು ಸಂಸಾರವನ್ನು ಚೆನ್ನಾಗಿ ಸುತ್ತಾಡಿಸುತ್ತಿದ್ದೇನೆ ಎಂದೇ ಚೆನ್ಸು ನಂಬಿಕೊಂಡಿದ್ದ.

ಆಮೇಲೆ ಸರ್ಕಾರ ಹಳೆಯ ಬಸ್ಸುಗಳನ್ನೆಲ್ಲ ತೆಗೆದುಹಾಕಿತು. ಬಸ್ಸಿನ ಬದಲಿಗೆ ಸಿಕ್ಕಿದ ಹಣದಲ್ಲಿ ಚೆನ್ಸು ಒಂದು ನೀಲಿ ಕಾರು ಕೊಂಡ. ಎರಡು ವರ್ಷ ಅದನ್ನು ತೊಳೆದ, ಒರೆಸಿದ, ಗ್ಯಾರೇಜಿನಿಂದ ಹೊರಗೆ ತಂದು ಮತ್ತೆ ಒಳಗಿಟ್ಟ. ಎಲ್ಲಿಗೆ ಹೋಗಬೇಕು ಎಂಬುದೇ ಅವನಿಗೆ ಹೊಳೆಯುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಶನಿವಾರ ಜುದಿತ್ತಾ ಹೇಳಿದಳು: "ನಾಳೆ ಲಾಪ್ಸಿಗೆ ಹೋಗೋಣ. ಮಗಳು ಮೊಮ್ಮಗಳು ಇಬ್ರೂ ಬರ್ತಾರೆ. ಅಳಿಯನಿಗೆ ಕೆಲಸ ಇದೆಯಂತೆ."

ಲಾಪ್ಸಿ ಎಂದರೆ ಊರಿನ ದಕ್ಷಿಣಕ್ಕೆ ಬಂಡೆಗಳ ನಡುವಿನ ಒಂದು ಸಣ್ಣ ಕಡಲ ಕೊಲ್ಲಿ. ಮನೆಯಿಂದ ಮೂರು ನಾಲ್ಕು ಕಿಲೋಮೀಟರ್. ಊರಿನವರೆಲ್ಲ ಈಜು ಕಲಿತದ್ದು ಅಲ್ಲೇ.

"ಲಾಪ್ಸಿ ತಾನೇ? ಕಣ್ಣು ಮುಚ್ಕೊಂಡು ಕರ್ಕೊಂಡು ಹೋಗ್ತೀನಿ," ಎಂದ ಚೆನ್ಸು.

"ಬೇಡ ಮಾರಾಯ, ಕಣ್ಣು ಬಿಟ್ಕೊಂಡೇ ಕರ್ಕೊಂಡು ಹೋಗು."

ಭಾನುವಾರ ಹತ್ತು ಗಂಟೆಗೆ ಕಾರು ತುಂಬಿತು. ಮಕರೋನಿ ತಟ್ಟೆ, ಟೊಮೆಟೊ ತಿಕ್ಕಿ ಎಣ್ಣೆ ಸುರಿದ ಬ್ರೆಡ್ಡು, ಕಲ್ಲಂಗಡಿ, ಎರಡು ಮಡಚು ಕುರ್ಚಿ, ಒಂದು ಛತ್ರಿ. ಜುದಿತ್ತಾ ಹೋಗಿ ಹಿಂದಿನ ಸೀಟಿನಲ್ಲಿ, ಗಂಡನ ಬೆನ್ನ ಹಿಂದೆ ಕೂತಳು. ಮುಂದೆ ಬಾ ಎಂದರೆ, "ಅಲ್ಲಿ ಕೂತ್ರೆ ನಂಗೆ ತಲೆ ತಿರುಗುತ್ತೆ, ಇದೇ ಅಭ್ಯಾಸ," ಎಂದಳು. ಪಕ್ಕದಲ್ಲಿ ರೋಸಿಯೆನ್, ಅವಳ ಪಕ್ಕದಲ್ಲಿ ಏಳು ವರ್ಷದ ಮಾರ್ತಿನಾ. ಮುಂದಿನ ಸೀಟಿನಲ್ಲಿ ಛತ್ರಿಯೊಂದೇ.

ಚೌಕಕ್ಕೆ ಬಂದ ಕಾರು ಲಾಪ್ಸಿಯ ಕಡೆ ತಿರುಗಬೇಕಿತ್ತು. ಚೆನ್ಸುವಿನ ಕೈ ಅದನ್ನು ಪೇಟೆಯ ಕಡೆ ತಿರುಗಿಸಿತು. ಕೈಗಳೇ ಹಾಗೆ ಮಾಡಿದವು, ತಾನಲ್ಲ ಎಂದು ಅವನು ಮುಂದೆ ಎಷ್ಟೋ ಸಲ ಬಾರಿನಲ್ಲಿ ಆಣೆ ಹಾಕಿ ಹೇಳಿದ್ದಾನೆ. ಗಾಣದಿಂದ ಬಿಚ್ಚಿದ ಎತ್ತನ್ನು ಬಯಲಲ್ಲಿ ಬಿಟ್ಟರೂ ಅದು ದುಂಡಗೇ ನಡೆಯುತ್ತದಲ್ಲ, ಹಾಗೆ.

"ಚೆನ್ಸು, ಸಮುದ್ರ ಯಾವ ಕಡೆ ಇದೆ?" ಹಿಂದಿನಿಂದ ಜುದಿತ್ತಾಳ ದನಿ ಬಂತು.

"ಎಲ್ಲಾ ಕಡೇನೂ ಇದೆ. ದ್ವೀಪ ಅಲ್ವಾ."

ಅಲ್ಲಿಗೇ ತಪ್ಪು ಒಪ್ಪಿಕೊಂಡು ತಿರುಗಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೂವತ್ತಮೂರು ವರ್ಷ ಬಸ್ಸು ಓಡಿಸಿದವನು ದಾರಿ ತಪ್ಪಿದೆ ಎನ್ನುವುದು ಹೇಗೆ? ಝೆಬ್ಬೂಜ್‌ನಲ್ಲಿ ಒಳ್ಳೆಯ ಪೀಚ್ ಹಣ್ಣು ಬಂದಿದೆಯಂತೆ, ತೆಗೆದುಕೊಂಡು ಹೋಗೋಣ ಎಂದ. ಭಾನುವಾರ ಆ ಅಂಗಡಿ ಮುಚ್ಚಿರುತ್ತದೆ ಎಂದು ಕಾರಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಸ್ವಲ್ಪ ದೂರ ಹೋಗುತ್ತಲೇ ಕಾರು ರಸ್ತೆಯ ಬದಿಗೆ ಸರಿದು ನಿಂತಿತು.

"ತಾತ, ಯಾಕೆ ನಿಲ್ಸಿದೆ?" ಎಂದಳು ಮಾರ್ತಿನಾ.

"ಬೆಕ್ಕು ಅಡ್ಡ ಬಂತು ಪುಟ್ಟಿ."

ಇನ್ನೂರು ಮೀಟರ್ ಮುಂದೆ ಹೋಗಿ ಮತ್ತೆ ನಿಂತಿತು. ಮಾರ್ತಿನಾ ಕಿಟಕಿಯಿಂದ ಇಣುಕಿ ನೋಡಿದಳು. ಅಲ್ಲಿ ಬಸ್ ನಿಲ್ದಾಣದ ಕಂಬವಿತ್ತು. "ಇಲ್ಲೂ ಬೆಕ್ಕಾ?"

"ಅದೇ ಬೆಕ್ಕು."

ಊರಿನ ಅಂಚಿನ ಮೂರನೆಯ ನಿಲ್ದಾಣದಲ್ಲಿ ಬೆಕ್ಕಿನ ನೆಪ ಬೇಕಾಗಲಿಲ್ಲ. ಕಲ್ಲು ಬೆಂಚಿನ ಮೇಲೆ ಕಪ್ಪು ಉಡುಪಿನ ಮುದುಕಿಯೊಬ್ಬಳು ಕೂತಿದ್ದಳು. ಚೆನ್ಸುವಿನ ಮುಖ ಕಂಡದ್ದೇ ಕೈ ಎತ್ತಿದಳು. ಕಾರು ನಿಂತಿತು. ಮುದುಕಿ ಮುಂದಿನ ಬಾಗಿಲು ತೆರೆದು, ಛತ್ರಿಯನ್ನು ಎತ್ತಿ ಹಿಂದಕ್ಕೆ ಕೊಟ್ಟು, ಸೀಟಿನಲ್ಲಿ ಕೂತು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ತಡ ಮಾಡ್ದೆ," ಎಂದಳು.

"ಎಷ್ಟು ಜೆಮ್ಮಜ್ಜಿ?"

"ಎರಡು ವರ್ಷ."

ಜೆಮ್ಮಜ್ಜಿ ಅವನ ಬಸ್ಸಿನ ಖಾಯಂ ಗಿರಾಕಿ. ವಾರಕ್ಕೆ ಮೂರು ಸಲ ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೂತು, ಪೇಟೆಯವರೆಗೂ ಅವನ ಓಡಿಸುವಿಕೆಯನ್ನು, ರಸ್ತೆಯನ್ನು, ಪಾದ್ರಿಯನ್ನು, ಟೊಮೆಟೊ ಬೆಲೆಯನ್ನು ಬೈಯುತ್ತ ಬರುತ್ತಿದ್ದಳು. ಈಗ ವಯಸ್ಸು ಎಂಬತ್ತು ದಾಟಿತ್ತು.

"ಎಲ್ಲಿಗೆ ಹೋಗ್ಬೇಕು?" ಚೆನ್ಸು ಕೇಳಿದ.

"ನೀನು ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ. ಎಂದಾದ್ರೂ ಬೇರೆ ಕಡೆ ಹೋಗಿದೀಯಾ?"

ಹಿಂದಿನ ಸೀಟಿನಲ್ಲಿ ರೋಸಿಯೆನ್ ನಗು ತಡೆಯಲಾರದೆ ಕೆಮ್ಮಿದಳು. ಚೆನ್ಸು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಜುದಿತ್ತಾ ಮಕರೋನಿ ತಟ್ಟೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಹೇಳಿದಳು: "ಹೋಗ್ಲಿ ಬಿಡು, ಪೇಟೆಗೇ ನಡಿ. ಅರ್ಧ ದಾರೀಲಿ ಇಳಿಸ್ದ ಅನ್ನೋ ಕೆಟ್ಟ ಹೆಸರು ಒಂದು ಬಾಕಿ ಇತ್ತು, ಅದೂ ಯಾಕೆ."

ದಾರಿಯುದ್ದಕ್ಕೂ ಜೆಮ್ಮಜ್ಜಿಯ ಬಾಯಿ ನಿಲ್ಲಲಿಲ್ಲ. ಹೊಸ ಬಸ್ಸಿನಲ್ಲಿ ಚಳಿಗಾಲದ ಹಾಗೆ ಗಾಳಿ ಬಿಡುತ್ತಾರೆ, ಚಾಲಕನ ಜೊತೆ ಮಾತಾಡಬೇಡಿ ಎಂದು ಬರೆದಿದ್ದಾರೆ, ಬೈದರೂ ಆ ಹುಡುಗ ತಿರುಗಿ ಬೈಯುವುದಿಲ್ಲ. "ಕಂಬದ ಜೊತೆ ಜಗಳ ಆಡಿದ ಹಾಗೆ," ಎಂದಳು.

ಚೆನ್ಸುವಿಗೆ ಎಷ್ಟೋ ವರ್ಷಗಳಿಂದ ಒಂದು ಕುತೂಹಲವಿತ್ತು. "ಅಜ್ಜೀ, ವಾರಕ್ಕೆ ಮೂರು ಸಲ ಪೇಟೇಲಿ ಏನು ಕೆಲಸ ಇತ್ತು ನಿಮಗೆ? ಆಸ್ಪತ್ರೆನಾ?"

"ಕೆಲಸಾನಾ? ಏನೂ ಇಲ್ಲ. ಅಲ್ಲಿ ಇಳೀತಿದ್ದೆ, ಬೆಂಚಿನ ಮೇಲೆ ಕೂರ್ತಿದ್ದೆ, ನೀನು ಟೀ ಕುಡಿದು ಬರೋವರೆಗೂ ಕಾಯ್ತಿದ್ದೆ, ಮತ್ತೆ ಹತ್ತುತ್ತಿದ್ದೆ."

"ಮತ್ತೆ ಯಾಕೆ ಬರ್ತಿದ್ರಿ?"

"ಮನೇಲಿ ವಿತೋರ್ಯಾ ಇದಾಳಲ್ಲ, ನನ್ನ ಅತ್ತಿಗೆ. ಅಣ್ಣ ತೀರ್ಕೊಂಡ ವರ್ಷ ಒಂದು ಹೊಲಿಗೆ ಮಿಷನ್ ಯಾರದ್ದು ಅಂತ ಮಾತಿಗೆ ಮಾತು ಬಂತು. ಅವತ್ತು ಇಬ್ರೂ ಮಾತು ಬಿಟ್ವಿ. ಇಪ್ಪತ್ತೊಂಬತ್ತು ವರ್ಷ ಆಯ್ತು. ಒಂದೇ ಮನೆ, ಒಂದೇ ಒಲೆ. ಬಾಯಿ ಇದ್ದೋರು ಎಲ್ಲಾದ್ರೂ ಹೋಗಿ ಆಡ್ಬೇಕಲ್ಲಪ್ಪಾ."

ಅವಳು ತನ್ನ ಬಸ್ಸನ್ನೇ ಆರಿಸಿ ಹತ್ತುತ್ತಿದ್ದದ್ದಕ್ಕೆ ಚೆನ್ಸುವಿನ ಬಳಿ ಒಂದು ಕಾರಣ ಮೊದಲಿನಿಂದಲೂ ಇತ್ತು. ತಾನು ಓಡಿಸುತ್ತ ಹಾಡುತ್ತಿದ್ದ ಹಾಡುಗಳು.

"ನನ್ನ ಹಾಡು ಕೇಳೋಕೆ ಅಂತ ಅಂದ್ಕೊಂಡಿದ್ದೆ," ಎಂದ.

"ಹಾಡಾ? ನಿನ್ನ ಹಾಡು ತಡ್ಕೊಂಡು ಬರ್ತಿದ್ದೆ. ಆ ಮುಂದಿನ ಸೀಟಿಗೋಸ್ಕರ."

ಪೇಟೆಯ ಹೆಬ್ಬಾಗಿಲ ಬಳಿ ಚೆನ್ಸು ಅಭ್ಯಾಸಬಲದಿಂದ ಬಸ್ಸುಗಳು ನಿಲ್ಲುವ ಜಾಗಕ್ಕೇ ಕಾರು ತಂದ. ಕಾವಲಿಗಿದ್ದ ಯುವಕ ಓಡಿ ಬಂದು, ಇದು ಬಸ್ಸುಗಳಿಗೆ ಮಾತ್ರ ಎಂದ.

ಜೆಮ್ಮಜ್ಜಿ ಕಿಟಕಿಯಿಂದ ತಲೆ ಹೊರಹಾಕಿದಳು. "ಇದು ಸಿಜೀವಿ ಬಸ್ಸಪ್ಪಾ."

ಯುವಕ ಕಾರಿನೊಳಗೆ ನೋಡಿದ. ಛತ್ರಿ, ಕಲ್ಲಂಗಡಿ, ಮಗು, ತಟ್ಟೆ, ಕೆಂಪಗಾದ ಚಾಲಕನ ಮುಖ. "ಆಗ್ಲಿ ಅಜ್ಜೀ. ಬಸ್ಸಾದ್ರೆ ಹೊರಡೋ ಹೊತ್ತಾಯ್ತು, ಹೊರಡಿ," ಎಂದ.

ಇಳಿಯಲೂ ಇಲ್ಲ, ಟೀ ಕುಡಿಯಲೂ ಇಲ್ಲ. ಕಾರು ಕಾರಂಜಿಗೆ ಒಂದು ಸುತ್ತು ಹಾಕಿ ಬಂದ ದಾರಿಗೇ ಬಿದ್ದಿತು. ಓರ್ಮಿಯಲ್ಲಿ ಮೆರವಣಿಗೆಯೊಂದಕ್ಕೆ ರಸ್ತೆ ಕಟ್ಟಿದ್ದರು, ಅಲ್ಲಿ ಮುಕ್ಕಾಲು ಗಂಟೆ ಕಾದರು. ಮಾರ್ತಿನಾ ಹಸಿವೆಂದಳು. ಬ್ರೆಡ್ಡು ಅಲ್ಲೇ ಖಾಲಿಯಾಯಿತು, ಎಣ್ಣೆ ಹೊಸ ಸೀಟಿಗೆ ಇಳಿಯಿತು. ಎರಡು ವರ್ಷ ಒರೆಸಿ ಇಟ್ಟಿದ್ದ ಸೀಟು.

ಮೂರನೆಯ ನಿಲ್ದಾಣ ಬಂದಾಗ ಚೆನ್ಸು ಕಾರು ನಿಲ್ಲಿಸಿದ. ಜೆಮ್ಮಜ್ಜಿ ಅಲುಗಾಡಲಿಲ್ಲ. "ನೀವೆಲ್ಲ ಎಲ್ಲಿಗೆ ಹೋಗೋರು?" ಎಂದು ಹಿಂದಕ್ಕೆ ತಿರುಗಿ ಕೇಳಿದಳು.

"ಲಾಪ್ಸಿಗೆ," ಎಂದಳು ಮಾರ್ತಿನಾ. "ಬೆಳಿಗ್ಗೆಯಿಂದ ಹೋಗ್ತಾನೇ ಇದೀವಿ."

"ಲಾಪ್ಸಿ ನೋಡಿ ನಂಗೆ ಮೂವತ್ತು ವರ್ಷ ಆಯ್ತು. ನಿಮ್ಮ ತಾತನ ಬಸ್ಸು ಆ ಕಡೆ ಹೋಗ್ತಿರಲಿಲ್ಲವಲ್ಲ."

ಜುದಿತ್ತಾ ಹಿಂದಿನಿಂದ ಗಂಡನ ಭುಜ ತಟ್ಟಿದಳು. "ನಡಿ. ಚೌಕದಲ್ಲಿ ನಾನು ಹೇಳ್ತೀನಿ ಯಾವ ಕಡೆ ತಿರುಗಿಸ್ಬೇಕು ಅಂತ."

ಲಾಪ್ಸಿ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಕಾರು ನಿಲ್ಲಿಸಲು ಜಾಗವಿರಲಿಲ್ಲ. ದೂರದಲ್ಲಿ, ಏರಿನ ಮೇಲೆ ನಿಲ್ಲಿಸಿ, ಕುರ್ಚಿ, ಕಲ್ಲಂಗಡಿ ಹೊತ್ತು, ಜೆಮ್ಮಜ್ಜಿಯ ತೋಳು ಹಿಡಿದು ಇಳಿದರು. ನೆರಳಿದ್ದ ಬಂಡೆಗಳಲ್ಲೆಲ್ಲ ಬೆಳಿಗ್ಗೆ ನೇರ ದಾರಿಯಲ್ಲಿ ಬಂದ ಬುದ್ಧಿವಂತರು ಕೂತಿದ್ದರು. ಇವರಿಗೆ ಸಿಕ್ಕಿದ್ದು ಮೆಟ್ಟಿಲ ಪಕ್ಕದ ಬಿಸಿಲು ಬಂಡೆ. ಜೆಮ್ಮಜ್ಜಿ ಕಾಲುಚೀಲ ಬಿಚ್ಚಿ ನೀರಿಗೆ ಕಾಲು ಇಳಿಬಿಟ್ಟಳು. ತಣ್ಣಗಿದೆ ಎಂದು ಸಮುದ್ರವನ್ನೂ ಬೈದಳು.

ಜುದಿತ್ತಾ ಮಕರೋನಿ ಹಂಚಿದಳು. ಚೆನ್ಸು ತನ್ನ ಪಾಲು ತೆಗೆದುಕೊಂಡು ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ, ಸಮುದ್ರದ ಕಡೆ ಮುಖ ಹಾಕಿ ಕೂತ. ಮಾರ್ತಿನಾಳಿಗೆ ಅದು ವಿಚಿತ್ರವೆನಿಸಿತು. "ಅಮ್ಮಾ, ತಾತ ಯಾಕೆ ಆ ಕಡೆ ತಿರುಗಿ ಕೂತ?"

"ತಾತ ಯಾವಾಗ್ಲೂ ಹಾಗೇ," ಎಂದಳು ರೋಸಿಯೆನ್. "ಒಂದ್ಸಲ ಶಾಲೇಲಿ ಟೀಚರು ನಿಮ್ಮ ಅಪ್ಪನ ಚಿತ್ರ ಬರೀರಿ ಅಂದ್ರು. ಎಲ್ರೂ ಕಣ್ಣು, ಮೂಗು, ಮೀಸೆ ಬರೆದ್ರು. ನಾನು ಕತ್ತಿನ ಹಿಂಭಾಗ ಬರೆದೆ. ಮೇಲ್ಗಡೆ ಒಂದು ಕನ್ನಡಿ, ಅದ್ರಲ್ಲಿ ಎರಡು ಕಣ್ಣು. ಟೀಚರು ಅಮ್ಮನ್ನ ಕರೆಸಿ ಮನೇಲಿ ಎಲ್ಲಾ ಸರಿ ಇದೆಯಾ ಅಂತ ಕೇಳಿದ್ರು."

ಜೆಮ್ಮಜ್ಜಿ ಗಹಗಹಿಸಿ ನಕ್ಕಳು. ಜುದಿತ್ತಾ ನಕ್ಕಳು. ಚೆನ್ಸುವೂ ನಕ್ಕ, ಅವನ ಬೆನ್ನು ಕುಲುಕಿದ್ದು ಎಲ್ಲರಿಗೂ ಕಂಡಿತು.

"ಆ ಚಿತ್ರ ಎಲ್ಲಿ?" ಎಂದು ಕೇಳಿದ.

"ಎಲ್ಲೋ ಹೋಯ್ತು ಅಪ್ಪಾ. ಎಷ್ಟೋ ವರ್ಷ ಆಯ್ತಲ್ಲ."

ಅವನು ತಟ್ಟೆ ಹಿಡಿದುಕೊಂಡೇ ಕೂತಲ್ಲೇ ಮೆಲ್ಲಗೆ ಈ ಕಡೆ ತಿರುಗಿದ. ಅರವತ್ತೊಂದರ ಮೊಣಕಾಲು, ಬಂಡೆಯೋ ಜಾರುವಂಥದ್ದು. ತಿರುಗಲು ಸ್ವಲ್ಪ ಹೊತ್ತೇ ಹಿಡಿಯಿತು. ಹೀಗೆ ಎದುರಾಬದುರು ಕೂತು ಮಗಳ ಮುಖ ನೋಡಿದ. ಅವಳ ಹುಬ್ಬಿನ ಹತ್ತಿರ ಒಂದು ಹಳೆಯ ಗಾಯದ ಗುರುತಿತ್ತು.

"ಅದು ಯಾವಾಗ ಆಯ್ತು?"

"ಒಂಬತ್ತು ವರ್ಷದವಳಿದ್ದಾಗ. ನೀನು ಓರ್ಮಿ ಹತ್ರ ಬ್ರೇಕ್ ಹಾಕಿದೆ, ನಾನು ನಿನ್ನ ಸೀಟಿಗೆ ಗುದ್ದಿಕೊಂಡೆ."

"ನೋಡು," ಎಂದಳು ಜೆಮ್ಮಜ್ಜಿ, "ಅವತ್ತೇ ನಾನು ಹೇಳಿದ್ದೆ ಮೆಲ್ಲಗೆ ಓಡ್ಸು ಅಂತ."

ಸಂಜೆ ಜೆಮ್ಮಜ್ಜಿಯನ್ನು ಮನೆ ಬಾಗಿಲಿಗೇ ಬಿಟ್ಟರು. ಬಾಗಿಲಲ್ಲಿ ವಿತೋರ್ಯಾ ನಿಂತಿದ್ದಳು. ತೆಳ್ಳಗೆ, ಎತ್ತರಕ್ಕೆ, ಕೈಯಲ್ಲಿ ಜಪಸರ. ಅತ್ತಿಗೆ ನಾದಿನಿ ಒಬ್ಬರನ್ನೊಬ್ಬರು ನೋಡಲಿಲ್ಲ. ಜೆಮ್ಮಜ್ಜಿ ಒದ್ದೆ ಕಾಲುಚೀಲ ಹಿಡಿದು ಅವಳ ಪಕ್ಕದಿಂದ ಒಳಗೆ ಹೋಗುವಷ್ಟರಲ್ಲಿ ವಿತೋರ್ಯಾ ಚೆನ್ಸುವಿಗೆ ಹೇಳಿದಳು: "ಮುಂದಿನ ಭಾನುವಾರ ಇದ್ರಲ್ಲಿ ಇನ್ನೊಬ್ರಿಗೆ ಜಾಗ ಇರುತ್ತಾ ಅಂತ ಅವಳನ್ನ ಕೇಳು."

ಒಂದು ಮೊಳ ದೂರದಲ್ಲಿದ್ದ ಜೆಮ್ಮಜ್ಜಿ ಹೇಳಿದಳು: "ಮುಂದಿನ ಸೀಟು ನಂದು ಅಂತ ಹೇಳು ಅವಳಿಗೆ."

ಇಬ್ಬರು ಹೇಳಿದ್ದನ್ನೂ ಚೆನ್ಸು ಇಬ್ಬರಿಗೂ ಮುಟ್ಟಿಸಿದ.

ಮುಂದಿನ ಭಾನುವಾರ ಜಾಗ ಸಾಲದು ಎಂದು ರೋಸಿಯೆನ್ ತನ್ನ ಕಾರಿನಲ್ಲೇ ಗಂಡ, ಮಗಳ ಜೊತೆ ಲಾಪ್ಸಿಗೆ ಹೋದಳು. ಹತ್ತು ನಿಮಿಷಕ್ಕೆ ತಲುಪಿ ನೆರಳಿನ ಬಂಡೆ ಹಿಡಿದಳು. ಜೆಮ್ಮಜ್ಜಿ, ವಿತೋರ್ಯಾ ಇಬ್ಬರನ್ನೂ ಹತ್ತಿಸಿಕೊಂಡು ಚೆನ್ಸು ಚೌಕದಲ್ಲಿ ಸರಿಯಾದ ಕಡೆಗೇ ಕಾರು ತಿರುಗಿಸಿದ, ಜುದಿತ್ತಾ ಹೇಳುವ ಮೊದಲೇ. ಅಷ್ಟರಲ್ಲಿ ವಿತೋರ್ಯಾ, "ಪೇಟೆ ನೋಡದೆ ವರ್ಷಗಳಾದ್ವು. ಅವಳೊಬ್ಬಳನ್ನೇ ಕರ್ಕೊಂಡು ಹೋಗ್ತೀಯಂತೆ," ಎಂದಳು. ಚೆನ್ಸು ನಿಟ್ಟುಸಿರು ಬಿಟ್ಟು ಕಾರು ಹಿಂದಕ್ಕೆ ತೆಗೆದ.

ಝೆಬ್ಬೂಜ್‌ವರೆಗೆ ಎಲ್ಲ ಮಾತೂ ಚೆನ್ಸುವಿನ ಮೂಲಕವೇ ನಡೆಯಿತು. ಕಿಟಕಿ ಏರಿಸೋಕೆ ಹೇಳು ಅವಳಿಗೆ. ನಂಗೆ ಸೆಕೆ ಅಂತ ಹೇಳು ಇವಳಿಗೆ. ಓರ್ಮಿ ಬರುವ ಹೊತ್ತಿಗೆ ಹೊಲಿಗೆ ಮಿಷನ್ನಿನ ವಿಷಯ ಎದ್ದಿತು. ಚೆನ್ಸುವಿಗೆ ಬಾಯಿ ತೆರೆಯಲು ಅವಕಾಶ ಸಿಗಲಿಲ್ಲ. ಜೆಮ್ಮಜ್ಜಿ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದಳು, ವಿತೋರ್ಯಾ ಮುಂದಕ್ಕೆ ಬಾಗಿದ್ದಳು, ಇಬ್ಬರೂ ನೇರವಾಗಿ, ಒಬ್ಬರ ಹೆಸರನ್ನೊಬ್ಬರು ಹಿಡಿದು ಬೈದುಕೊಳ್ಳುತ್ತಿದ್ದರು.

ರೋಸಿಯೆನ್ ಫೋನು ಮಾಡಿದಾಗ ಜುದಿತ್ತಾ ಎತ್ತಿಕೊಂಡಳು.

"ಅಮ್ಮಾ, ಎರಡು ಗಂಟೆ ಹೊತ್ತಿಂದ ಕಾಯ್ತಾ ಇದೀವಿ. ಎಲ್ಲಿದೀರಾ?"

"ಕಾರಂಜಿ ಹತ್ರ. ಮೂರನೇ ಸುತ್ತು."

"ಅಪ್ಪ ಮತ್ತೆ ದಾರಿ ತಪ್ಪಿದ್ನಾ?"

ಜುದಿತ್ತಾ ಬಾಯಿಗೆ ಕೈ ಅಡ್ಡ ಹಿಡಿದು, ದನಿ ತಗ್ಗಿಸಿ ಹೇಳಿದಳು: "ಇಲ್ಲ ಕಣೇ. ಇವರಿಬ್ರೂ ಮಾತಾಡ್ತಾ ಇದಾರೆ. ಗಾಡಿ ನಿಂತ್ರೆ ಮಾತೂ ನಿಲ್ಸಿಬಿಡ್ತಾರೇನೋ ಅಂತ ಅವನಿಗೆ ಭಯ. ನೀವು ಊಟ ಮಾಡ್ಬಿಡಿ."