ಚೀನಾ ಬಂದರಿನ ಮೊಹರು

ಮಾಸೂರಿನ ಉಳಿವೆಪ್ಪ ಹಡಗಿನ ಅಡಿಗೆಯವನಾದದ್ದು ಸಮುದ್ರ ನೋಡುವ ಆಸೆಗಲ್ಲ, ಹೊಟ್ಟೆಪಾಡಿಗೂ ಅಲ್ಲ. ಕಾಕಾ ಬಸವಣ್ಣೆಪ್ಪನ ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಊಟದ ಜೊತೆಗೆ ಬಡಿಸುವ ಕುಹಕಕ್ಕೂ ಇರಲಿಲ್ಲ. ಅಪ್ಪ ಸತ್ತ ಮೇಲೆ ಅವನ ಅವ್ವ ವೀರವ್ವ ಮೈದುನನ ಮನೆಯ ಒಲೆಯ ಮುಂದೆ ಕೂತವಳು ಮತ್ತೆ ಏಳಲಿಲ್ಲ. ಮದಗದ ಕೆರೆಯ ಕೆಳಗಿನ ಗದ್ದೆ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ಆದರೆ ಭತ್ತವೆಲ್ಲ ತಮ್ಮನ ಹಗೇವಿಗೇ ಹೋಗುತ್ತಿತ್ತು. ಯಾಕೆ ಎಂದು ಬಾಯಿಬಿಟ್ಟು ಕೇಳುವ ಎದೆ ತಾಯಿಗೂ ಇರಲಿಲ್ಲ, ಮಗನಿಗೂ ಇರಲಿಲ್ಲ. ಉಳಿವೆಪ್ಪ ಸುಮ್ಮನೆ ಮನೆ ಬಿಟ್ಟು ಅಕ್ಕಿಆಲೂರಿನ ಅಕ್ಕಿ ಗಿರಣಿಗೆ ಹೋಗಿ, ಅಲ್ಲಿನ ಹಮಾಲರಿಗೆ ಅಡಿಗೆ ಮಾಡಿ ಹಾಕತೊಡಗಿದ.

ಅವನ ಕೈರುಚಿ ಕಂಡುಹಿಡಿದವನು ಸವಣೂರಿನ ಖಾದರಸಾಬ. ಮುಂಬಯಿಯ ಒಂದು ಸರಕು ಹಡಗಿನಲ್ಲಿ ಖಲಾಸಿಗಳ ಮುಕಾದಮ. ರಜೆಗೆಂದು ಊರಿಗೆ ಬಂದವನು ಅಕ್ಕಿ ಒಯ್ಯಲು ಗಿರಣಿಗೆ ಬಂದು, ಹಮಾಲರ ಜೊತೆಗೇ ಕೂತು ಉಂಡ.

"ನಮ್ಮ ಹಡಗಿನ್ಯಾಗ ಹಿಂದೂ ಖಲಾಸಿಗಳಿಗೆ ಬ್ಯಾರೆ ಒಲಿ ಐತಿ," ಎಂದ ಕೈ ತೊಳೆಯುತ್ತ. "ಅಡಿಗಿ ಮಾಡಾಂವ ಬಿಟ್ಟು ಹೋಗ್ಯಾನ. ಬರ್ತೀ ಏನೋ ತಮ್ಮಾ? ಅಲ್ಲೆ ನಿನಗ ಯಾರೂ ಚುಚ್ಚಿ ಮಾತಾಡೂದಿಲ್ಲ."

ಹೊರಡುವ ಮುಂಜಾನೆ ವೀರವ್ವ ಮಗನ ಕೊರಳಿನ ಶಿವದಾರವನ್ನು ಎಳೆದು, ಗಟ್ಟಿ ಇದೆಯೋ ಇಲ್ಲವೋ ಎಂದು ನೋಡಿದಳು. ದಾರದ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಅವನ ಇಷ್ಟಲಿಂಗ. ಕರಡಿಗೆ ಅಪ್ಪನದು. ಅಪ್ಪನನ್ನು ಮಣ್ಣು ಮಾಡುವಾಗ ಅವನ ಲಿಂಗ ಅವನ ಅಂಗೈಯಲ್ಲೇ ಹೋಯಿತು, ಬೆಳ್ಳಿ ಮಗನಿಗೆ ಉಳಿಯಿತು.

"ಲಿಂಗಪೂಜಿ ಆಗದ ತುತ್ತ ಬಾಯಿಗೆ ಹಾಕಬ್ಯಾಡ," ಎಂದಳು. "ಇದು ಕೊಳ್ಳಾಗ ಇರೂ ತನಕ ನೀ ನನ್ನ ಮಗ. ಇದು ತಪ್ಪಿತಂದ್ರ ಊರ ಪಾಲಿಗೆ ನೀ ಸತ್ತಂಗ. ಆಮ್ಯಾಲೆ ನಿನ್ನ ಒಳಗ ಕರಕೊಳ್ಳಾಕ ನನ್ನ ಕೈಲೆ ಆಗೂದಿಲ್ಲಪಾ."

ಅವಳು ಹೆದರಿಸಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ.

ಹಡಗಿನಲ್ಲಿ ಉಳಿವೆಪ್ಪ ಸುಖವಾಗಿಯೇ ಇದ್ದ. ಬೆಳಗ್ಗೆ ಎದ್ದು ಮಿಂದು, ಅಕ್ಕಿ ಚೀಲಗಳ ಮರೆಗೆ ಹೋಗಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿ, ಆಮೇಲೆ ಒಲೆ ಹಚ್ಚುವನು. ಹಡಗು ಎಷ್ಟೇ ಹೊಯ್ದಾಡಲಿ, ಅಂಗೈ ಅಲುಗುತ್ತಿರಲಿಲ್ಲ. ಕೊಲಂಬೋ ಬಂತು, ಸಿಂಗಾಪುರ ಬಂತು. ನಿನ್ನ ಕೊರಳಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಐವತ್ತೇಳರ ಬೇಸಿಗೆಯಲ್ಲಿ ಹಡಗು ಗೋಣಿಚೀಲದ ಗಂಟುಗಳನ್ನು ಹೇರಿಕೊಂಡು ಚೀನಾದ ಒಂದು ಬಂದರಿಗೆ ಹೊರಟಿತು.

ಬಂದರು ಕಣ್ಣಿಗೆ ಬೀಳುವ ಮೊದಲೇ ಅದರ ಕಾಯ್ದೆ ಹಡಗು ಹತ್ತಿತ್ತು. ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಓದಿದ್ದನ್ನು ಖಾದರಸಾಬ ಖಲಾಸಿಗಳ ಮುಂದೆ ನಿಂತು ತನಗೆ ತಿಳಿದ ಭಾಷೆಯಲ್ಲೆಲ್ಲ ಹೇಳಿದ. ಉಳಿವೆಪ್ಪನಿಗೆಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ.

"ಕಿವಿಗೊಟ್ಟು ಕೇಳು, ಇದು ಸಿಂಗಾಪುರ ಅಲ್ಲ. ಹಳದಿ ಬಾವುಟಾ ಏರಿಸಿ ಹೊರಗ ನಿಲ್ಲಬೇಕು. ಅವರ ಡಾಕ್ಟರ್ ಬಂದು ಎಲ್ಲಾರ ನಾಲಿಗಿ ನೋಡಿದ ಮ್ಯಾಲೇ ಒಳಗ. ಒಳಗ ಹ್ವಾದ ಮ್ಯಾಲೆ ಯಾರರ ಜಡ್ಡು ಬಿದ್ರ ಅದ ಗಳಿಗ್ಯಾಗ ತಿಳಸಬೇಕು. ತಿಳಿಸಿದ್ರ ಹಡಗ ಮತ್ತ ಹೊರಗ. ಕ್ಯಾಪ್ಟನ್ ಸಾಹೇಬರ ದುರ್ಬೀನಿಗೂ ಮೊಹರು, ತಂತಿ ಕ್ವಾಣಿ ಬಾಗಿಲಿಗೂ ಮೊಹರು. ನೀರಾಗ ಒಂದು ಸಿಪ್ಪಿ ಸೈತ ಒಗಿಯಂಗಿಲ್ಲ. ನಿನ್ನ ಗಂಜಿತಿಳಿನೂ ಪೀಪಾಯ್ದಾಗ ಹಿಡಿದಿಡು. ಮತ್ತ ಬಂಗಾರ, ಬೆಳ್ಳಿ, ಗಡಿಯಾರ ಏನಿದ್ರೂ ಮೊದಲ ಬರಸು."

"ನನ್ನ ಹತ್ರ ಎಲ್ಲೀ ಬೆಳ್ಳಿ ಮಾಮಾ?" ಎಂದು ಉಳಿವೆಪ್ಪ ನಕ್ಕುಬಿಟ್ಟ.

ಅವನು ಸುಳ್ಳು ಹೇಳಲಿಲ್ಲ. ಕರಡಿಗೆ ಬೆಳ್ಳಿಯದು ಎಂಬುದು ಅವನ ತಲೆಗೇ ಹೊಳೆಯಲಿಲ್ಲ. ಕಿವಿ ಮೂಗು ಇದ್ದಂತೆ ಅದೂ ಮೈಮೇಲಿತ್ತು. ಕಿವಿಯನ್ನು ಯಾರಾದರೂ ಬರೆಸುತ್ತಾರೆಯೇ?

ಹಡಗು ದಕ್ಕೆಗೆ ಹತ್ತಿತು. ಇಲಿ ಇಳಿಯದಂತೆ ಹಗ್ಗಗಳಿಗೆ ತಗಡಿನ ದುಂಡು ತಟ್ಟೆ ಸಿಕ್ಕಿಸಿದರು. ಖಲಾಸಿಗಳನ್ನು ಸಾಲಾಗಿ ನಿಲ್ಲಿಸಿ ಮುಖ ನೋಡಿದರು, ಗಂಟು ಮೂಟೆ ಬಿಚ್ಚಿಸಿದರು. ನೀಲಿ ಅಂಗಿಯ ಒಬ್ಬ ಅಧಿಕಾರಿ ಉಳಿವೆಪ್ಪನ ಮುಂದೆ ನಿಂತು, ಬನಿಯನ್ನಿನೊಳಗೆ ಉಬ್ಬಿದ್ದನ್ನು ಬೆರಳಿನಿಂದ ತೋರಿಸಿದ. ಜೊತೆಗಿದ್ದ ದುಭಾಷಿ ಹೆಂಗಸು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಉಳಿವೆಪ್ಪ ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡ. ಕಾಯ್ದೆಯ ಮನುಷ್ಯರ ಮುಂದೆ ಮಾಡಬಾರದ್ದು ಅದೊಂದೇ, ಅದನ್ನೇ ಮಾಡಿದ.

"ತಗದು ತೋರಸಂತಾರ," ಎಂದ ಖಾದರಸಾಬ. "ನೋಡಿ ಕೊಡ್ತಾರ. ಬರಸಲಿಲ್ಲಂತ ನಾಕು ಮಾತು ಬೈತಾರ, ಮುಗೀತು."

"ಕೈಯಾಗ ಹಿಡೀತಾರಲ್ರೀ ಮಾಮಾ! ಕಂಡಕಂಡವ್ರು ನನ್ನ ಲಿಂಗಾ ಮುಟ್ಟೂದಾ?"

"ತೋರಸಲಿಲ್ಲಂದ್ರ ಮೊಹರು ಹಾಕಿ ದುರ್ಬೀನಿನ ಜೋಡಿ ಕಪಾಟಿನ್ಯಾಗ ಇಡ್ತಾರ. ಹಡಗ ಬಿಡೂ ತನಕ ಸಿಗೂದಿಲ್ಲ. ವಿಚಾರ ಮಾಡು."

"ಇಡಲಿ. ಬಿಚ್ಚೂದು ಮಾತ್ರ ಬ್ಯಾಡ."

ಹುಚ್ಚಪ್ಪ! ಒಂದು ಗಳಿಗೆ ತೆರೆದು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಉಳಿವೆಪ್ಪ ತಾನೇ ಕೊರಳಿನಿಂದ ತೆಗೆದು, ಅವರು ಹಿಡಿದ ಬಿಳಿ ಬಟ್ಟೆಯ ಚೀಲದೊಳಗೆ ಇಳಿಬಿಟ್ಟ. ಅಧಿಕಾರಿ ಚೀಲದ ಬಾಯಿ ಕಟ್ಟಿ, ಕೆಂಪು ಅರಗು ಸುರಿದು, ಮೊಹರು ಒತ್ತಿದ. ಅವನ ಬೆರಳು ಕರಡಿಗೆಗೆ ತಾಗಲಿಲ್ಲ ಎಂಬುದನ್ನು ಉಳಿವೆಪ್ಪ ಕಣ್ಣು ಮಿಟುಕಿಸದೆ ನೋಡಿ ಸಮಾಧಾನಪಟ್ಟ.

ನಾಳೆ ನಾಡಿದ್ದು ಹೊರಟುಬಿಡುತ್ತೇವೆ ಎಂದುಕೊಂಡಿದ್ದ. ಮಳೆ ಹಿಡಿಯಿತು. ಗೋಣಿಚೀಲ ತೊಯ್ಯುತ್ತದೆಂದು ಸರಕು ಇಳಿಸುವುದನ್ನೇ ನಿಲ್ಲಿಸಿದರು. ಪೂಜೆ ಇಲ್ಲದ ಮೇಲೆ ಊಟವಿಲ್ಲ. ಉಳಿವೆಪ್ಪ ಎಲ್ಲರಿಗೂ ಅನ್ನ ಬಸಿದು, ಸಾರು ಕುದಿಸಿ, ಬಡಿಸಿ, ಪಾತ್ರೆ ತೊಳೆದು, ತಾನು ನೀರು ಕುಡಿದು ಮಲಗುವನು. ಒಗ್ಗರಣೆಯ ವಾಸನೆ ಬಂದಾಗ ಮುಖ ತಿರುಗಿಸುವನು. ಕಣ್ಣು ಒಳಗೆ ಹೋದವು, ತುಟಿ ಒಡೆಯಿತು. ಒಂದು ಮಧ್ಯಾಹ್ನ ಗಂಜಿ ಬಸಿಯುತ್ತಿದ್ದವನು ಒಲೆಯ ಪಕ್ಕದಲ್ಲೇ ಕುಸಿದು ಬಿದ್ದ.

ಖಲಾಸಿಗಳು ಓಡಿ ಬಂದರು, ಆದರೆ ಯಾರ ಮುಖದಲ್ಲೂ ಮರುಕ ಇರಲಿಲ್ಲ. ಜಡ್ಡು ಬಿದ್ದವನಿದ್ದಾನೆ ಎಂದು ತಿಳಿಸಲೇಬೇಕು. ತಿಳಿಸಿದರೆ ಹಳದಿ ಬಾವುಟ, ಮತ್ತೆ ಹೊರಸಮುದ್ರ, ಕಾಲರಾ ಇಲ್ಲವೆಂದು ಅವರಿಗೆ ಖಾತ್ರಿಯಾಗುವವರೆಗೆ ಎಲ್ಲರಿಗೂ ಸೆರೆವಾಸ. ರತ್ನಾಗಿರಿಯ ಒಬ್ಬ ಖಲಾಸಿ ಅವನ ಪಕ್ಕೆಗೆ ಕಾಲಿನಿಂದ ತಿವಿದ. ಇವನ ಒಬ್ಬನ ದೇವರಿಗಾಗಿ ನಾವೆಲ್ಲ ಸಾಯಬೇಕೇ ಎಂದು ಇನ್ನೊಬ್ಬ ಕೂಗಾಡಿದ. ಖಾದರಸಾಬ ಅಡಿಗೆಕೋಣೆಯ ಬಾಗಿಲು ಮುಚ್ಚಿ ಅಗಳಿ ಹಾಕಿದ.

"ಬಾಯಿ ತಗಿ," ಎಂದ.

"ಬ್ಯಾಡ್ರೀ ಮಾಮಾ. ನಿಮ್ಮ ಕಾಲು ಬೀಳ್ತೇನಿ. ನಮ್ಮವ್ವ ನನ್ನ ಒಳಗ ಕರಕೊಳ್ಳೂದಿಲ್ಲ."

ಇಬ್ಬರು ಕಾಲು ಹಿಡಿದರು, ಒಬ್ಬ ಕೈ ಹಿಡಿದ. ಖಾದರಸಾಬ ಅವನ ಎದೆಯ ಮೇಲೆ, ಕರಡಿಗೆ ಇರುತ್ತಿದ್ದ ಜಾಗದಲ್ಲೇ ಮೊಳಕಾಲು ಊರಿ, ಮೂಗು ಹಿಡಿದು, ಬಾಯಿ ತೆರೆದ ಕೂಡಲೇ ಗಂಜಿ ಸುರಿದ. ಉಗುಳಿದ, ಮತ್ತೆ ಸುರಿದ. ಬಿಸಿಗೆ ಗಲ್ಲ ಕೆಂಪಾಯಿತು. ಖಾದರಸಾಬ ಬಾಯಿಗೆ ಬಂದಂತೆ ಬೈಯುತ್ತಿದ್ದ, ಅವನ ಕಣ್ಣಿನಿಂದ ನೀರೂ ಇಳಿಯುತ್ತಿತ್ತು. ಆದರೆ ಕೈ ಸಡಿಲಿಸಲಿಲ್ಲ. ಗಂಟಲು ನುಂಗಿತು. ಗಂಟಲಿಗೆ ಲಿಂಗವಿಲ್ಲ, ಕುಲವಿಲ್ಲ. ಅದಕ್ಕೆ ನುಂಗುವುದಷ್ಟೇ ಗೊತ್ತು.

ಮರುದಿನದಿಂದ ಉಳಿವೆಪ್ಪ ತಾನೇ ಉಂಡ. ಇಲ್ಲದಿದ್ದರೆ ಮತ್ತೆ ಬಾಗಿಲು ಮುಚ್ಚುತ್ತಾರೆ ಎಂದು ಗೊತ್ತಿತ್ತು. ಅನ್ನವನ್ನು ಔಷಧಿಯ ಹಾಗೆ ಗುಳುಂ ಎನಿಸಿ ಎದ್ದುಬಿಡುತ್ತಿದ್ದ.

ಹಡಗು ಬಂದರಿನ ಎಲ್ಲೆ ದಾಟಿದ ಮೇಲೆ ಕ್ಯಾಪ್ಟನ್ ಕಪಾಟಿನ ಮೊಹರು ಒಡೆದು, ಚೀಲವನ್ನು ಇದ್ದ ಹಾಗೆಯೇ ಅವನ ಕೈಗೆ ಕೊಟ್ಟ. ಅರಗು ಒಂದು ಚೂರೂ ಬಿರುಕು ಬಿಟ್ಟಿರಲಿಲ್ಲ. ಉಳಿವೆಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಗಳಗಳನೆ ಅತ್ತ.

"ಅಳೂದು ಸಾಕು, ಮೊಹರು ಒಡಿ," ಎಂದ ಖಾದರಸಾಬ. "ಪೂಜಿ ಮಾಡ್ಕೋ. ಇನ್ನ ನಿನ್ನ ಯಾವ ಕಾಯ್ದೆನೂ ತಡಿಯೂದಿಲ್ಲ."

"ಬ್ಯಾಡ್ರಿ. ಹಿಂಗ ಊರಿಗೆ ಒಯ್ತೇನಿ. ಬಿಚ್ಚಿ ಒಯ್ದ್ರ, ಅಲ್ಲೆ ಯಾರ್ಯಾರು ಮುಟ್ಟ್ಯಾರೋ ಅಂತ ಕಾಕಾ ತಕರಾರ ತಗೀತಾನ. ಈ ಮೊಹರು ನೋಡಿದ್ರ ಯಾರೂ ಬಾಯಿ ತಗಿಯಂಗಿಲ್ಲ."

ಆ ಮೊಹರಿನ ಚೀಲವನ್ನು ಕೊರಳಿಗೆ ಕಟ್ಟಿಕೊಂಡೇ ಅವನು ಅಷ್ಟು ದೂರ ಬಂದ. ಉಂಡ, ಮಲಗಿದ, ಎದ್ದ. ಪ್ರತಿ ತುತ್ತಿಗೂ ಚೀಲ ಮುಟ್ಟಿ, ತಪ್ಪಾಯಿತಪ್ಪಾ ಎಂದುಕೊಂಡ. ಮುಂಬಯಿಯಲ್ಲಿ ಹಡಗಿನಿಂದ ಇಳಿದವನು ಹುಬ್ಬಳ್ಳಿಯಿಂದ ಬಸ್ಸು ಹಿಡಿದು, ಮಾಸೂರಿಗೆ ಬಂದು, ಮನೆಗೂ ಹೋಗದೆ ನೆಟ್ಟಗೆ ಮಠಕ್ಕೆ ಹೋದ. ಮಠದ ಅಯ್ಯನವರಿಗೆ ನಡೆದದ್ದನ್ನೆಲ್ಲ ಹೇಳಿದ. ಗಂಜಿ ಕುಡಿಸಿದ್ದನ್ನೂ ಮುಚ್ಚಿಡಲಿಲ್ಲ. ಸುದ್ದಿ ತಿಳಿದು ಬಸವಣ್ಣೆಪ್ಪ ಬಂದ. ಹಿಂದೆಯೇ ವೀರವ್ವ ಬಂದು ಕಂಬದ ಮರೆಗೆ ನಿಂತಳು.

ಅಯ್ಯನವರು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಯಾರೂ ಬಿಚ್ಚಿಲ್ಲ, ಖರೆ ಐತಿ," ಎಂದರು.

ಉಳಿವೆಪ್ಪನ ಮುಖ ಅರಳಿತು. ಕಂಬದ ಮರೆಯಲ್ಲಿ ವೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸವಣ್ಣೆಪ್ಪ ಮಾತ್ರ ಸಾವಕಾಶವಾಗಿ ಎಲೆಗೆ ಸುಣ್ಣ ಸವರುತ್ತಿದ್ದ.

"ಬಂದರ ಬಿಟ್ಟ ಮ್ಯಾಲೆ ಇದು ಯಾರ ಹಂತ್ಯಾಕ ಇತ್ತೋ?" ಎಂದು ಕೇಳಿದ.

"ನನ್ನ ಕೊಳ್ಳಾಗ ಕಾಕಾ."

"ಉಂಡಿ?"

"ಉಂಡೆ."

"ದಿನಾ?"

"ಹೂಂ, ದಿನಾ."

"ಬಿಚ್ಚಿ ಪೂಜಿ ಮಾಡಿದಿ?"

"ಬಿಚ್ಚಿದ್ರ ಮೊಹರು ಒಡೀತಿತ್ತಲ್ಲ ಕಾಕಾ..." ಎಂದವನು ಅಲ್ಲಿಗೇ ನಿಂತ. ತಾನೇನು ಹೇಳಿದೆನೆಂದು ಆಗ ತಿಳಿಯಿತು.

"ಕೇಳಿದ್ರ್ಯಾ ಅಯ್ಯಾರ? ಅಲ್ಲೆ ಬಲವಂತಲೆ ಕುಡಿಸಿದ್ರು, ಒಪ್ಕೊಳ್ಳೂಣು. ಆಮ್ಯಾಲೆ ಯಾರು ಹಿಡಿದಿದ್ರು ಇವನ ಕೈ? ಲಿಂಗಾ ಎದಿ ಮ್ಯಾಲೆ ಇಟ್ಕೊಂಡು, ಪೂಜಿ ಇಲ್ದ ದಿನಾ ತಿಂದಾನ. ಸಾಕ್ಷಿ ಅಂವ ತಂದಾನ, ನಾ ತಂದಿಲ್ಲ."

ಹಾಡಹಗಲೇ ಕೊರಳು ಕೊಯ್ಯುವುದೆಂದರೆ ಇದೇ. ಚೀನಾದ ಅಧಿಕಾರಿ ಮೊಹರು ಹಾಕಿಟ್ಟದ್ದು ಮಾತಿನಂತೆ ಮರಳಿ ಕೈ ಸೇರಿತು. ಹುಟ್ಟಿದಾಗ ಎತ್ತಿ ಆಡಿಸಿದ ಕಾಕಾ ಅದೇ ಮೊಹರನ್ನು ಹಗ್ಗ ಮಾಡಿ ಅವನ ಕುತ್ತಿಗೆಗೆ ಹಾಕಿದ.

ಅಯ್ಯನವರು ಕೆಟ್ಟವರಲ್ಲ. "ಮತ್ತೊಮ್ಮೆ ದೀಕ್ಷಾ ಕೊಡೂಣು," ಎಂದರು. "ಮನಿ ಹಿರ್ಯಾರು ಬಾಜೂಕ ಕುಂದ್ರಬೇಕು, ಅಷ್ಟ. ಕುಂದ್ರಪಾ ಬಸವಣ್ಣೆಪ್ಪಾ."

ಬಸವಣ್ಣೆಪ್ಪ ಕೂರಲಿಲ್ಲ. ಮುಂದೆ ಬಂದು ಚೀಲ ಎತ್ತಿಕೊಂಡು, ಹೆಬ್ಬೆರಳಿನಿಂದ ಅರಗು ಒತ್ತಿದ. ಪಟ್ಟನೆ ಒಡೆಯಿತು. ಒಳಗಿನಿಂದ ವಿಭೂತಿಯ ವಾಸನೆ ಬಂತು. ಲಿಂಗವನ್ನು ಅಯ್ಯನವರ ಮುಂದೆ ಇಟ್ಟು, ಬೆಳ್ಳಿಯ ಕರಡಿಗೆಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಇದು ನಮ್ಮಣ್ಣಂದು, ಮನೀ ಒಡವಿ. ಮನಿಗೆ ಇರಲಿ," ಎಂದ. "ಇನ್ನ ನಮ್ಮ ಉಳಿವೆಪ್ಪ ಸಮುದ್ರದಾಗ ತೀರಿಕೊಂಡಾನ್ರಿ. ಸತ್ತವರಿಗೆ ಎಲ್ಲೀ ದೀಕ್ಷಾ, ಎಲ್ಲೀ ಪಾಲು? ನಡೀ ವೀರವ್ವ."

ಉಳಿವೆಪ್ಪ ಅವ್ವನ ಮುಖ ನೋಡಿದ. ಅವಳು ಒಂದು ಮಾತು ಆಡಬೇಕಿತ್ತು. ಆಡಿದ್ದರೆ ಆ ರಾತ್ರಿ ಅವಳಿಗೂ ಸೂರು ಇರುತ್ತಿರಲಿಲ್ಲ. ವೀರವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಮೈದುನನ ಹಿಂದೆ ನಡೆದಳು, ತಿರುಗಿ ನೋಡಲಿಲ್ಲ.

ಅವನಿಗೆ ಅನ್ನ ಕೊಟ್ಟವನು ಮತ್ತೆ ಖಾದರಸಾಬನೇ. ಹಡಗು ಬಿಟ್ಟು ಸವಣೂರಿನ ಬಸ್ ನಿಲ್ದಾಣದ ಎದುರು ಚಹಾದಂಗಡಿ ಇಟ್ಟು, ಉಳಿವೆಪ್ಪನನ್ನು ಒಲೆಯ ಮುಂದೆ ಕೂರಿಸಿದ. ಚೀನಾದ ಯುದ್ಧ ಬಂದಾಗ, ಇವನ ಲಿಂಗಕ್ಕೆ ಚೀನಾದವರ ಮೊಹರು ಬಿದ್ದಿದೆ ಎಂದು ಬಸವಣ್ಣೆಪ್ಪ ಆಡಿದ ಮಾತು ಅಲ್ಲಿಗೂ ಬಂತು. ಗಿರಾಕಿಗಳು "ಏ ಚೀನಾ, ಒಂದ್ ಚಾ ಕೊಡು" ಎನ್ನತೊಡಗಿದರು. ಅವನು ಕೊಡುತ್ತಿದ್ದ.

ಯುದ್ಧ ಮುಗಿದು ಕೆಲವು ವರ್ಷಗಳ ಮೇಲೆ, ಒಂದು ಬಿರುಬಿಸಿಲಿನ ಮಧ್ಯಾಹ್ನ ವೀರವ್ವ ಅಂಗಡಿಯ ಮುಂದೆ ಬಂದು ನಿಂತಳು. ಶಿಗ್ಗಾಂವಿಯ ತಂಗಿಯ ಮನೆಗೆ ಹೊರಟವಳು ಸವಣೂರಿನಲ್ಲಿ ಬಸ್ಸು ಬದಲಿಸುತ್ತಿದ್ದಳು. ಮೈಯೆಲ್ಲ ಒಣಗಿ ಕಡ್ಡಿಯಾಗಿದ್ದಳು. ಉಳಿವೆಪ್ಪ ಬೇವಿನ ಮರದ ನೆರಳಿಗೆ ಬೆಂಚು ತಂದು ಹಾಕಿದ.

"ನಿನ್ನ ಕರಡಿಗಿ ಈಗ ಬಸವಣ್ಣೆಪ್ಪನ ಮೊಮ್ಮಗ ಕಟಗೊಂಡಾನ," ಎಂದಳು ವೀರವ್ವ. "ದಿನಾ ನೋಡ್ತೇನಿ."

ಅವಳ ತುಟಿ ಬಿಳುಚಿಕೊಂಡಿತ್ತು. ಉಳಿವೆಪ್ಪ ಒಳಗೆ ಓಡಿ, ಹೊಸ ಗ್ಲಾಸನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಮಡಕೆಯ ತಣ್ಣೀರು ತುಂಬಿ ತಂದ. ಅವಳು ತೆಗೆದುಕೊಂಡಳು. ಒಲೆಯ ಮೇಲಿನ ಹಾಲು ಉಕ್ಕುವ ಸಪ್ಪಳ ಕೇಳಿ ಉಳಿವೆಪ್ಪ ಒಳಗೆ ಹೋದ. ಹಾಲು ಇಳಿಸಿ ಕಿಟಕಿಯಿಂದ ನೋಡಿದಾಗ ವೀರವ್ವ ಅತ್ತ ಇತ್ತ ಕಣ್ಣು ಹಾಯಿಸಿ, ನೀರನ್ನು ಬೇವಿನ ಬುಡಕ್ಕೆ ಸದ್ದಿಲ್ಲದೆ ಸುರಿಯುತ್ತಿದ್ದಳು. ಸುರಿದು, ಒಣ ತುಟಿಯನ್ನು ಸೆರಗಿನಿಂದ ಒರೆಸಿಕೊಂಡಳು.

ಉಳಿವೆಪ್ಪ ಹೊರಗೆ ಬಂದ. ಅವಳು ಗ್ಲಾಸು ನೀಡಿದಳು.

"ಕುಡಿದೆನಪಾ," ಎಂದಳು. "ಹೊಟ್ಟಿ ತಣ್ಣಗಾತು."

"ಇನ್ನೊಂದೀಟು ತರ್ಲೇನಬೇ?"

"ಸಾಕು ಯಪ್ಪಾ."

ಶಿಗ್ಗಾಂವಿಯ ಬಸ್ಸು ಬಂತು. ಕೈ ಹಿಡಿದು ಹತ್ತಿಸಲು ಅವನು ಮುಂದಾದ. ಅವಳು ಬಾಗಿಲಿನ ಕಂಬಿ ಹಿಡಿದು ತಾನೇ ಹತ್ತಿದಳು. ಬಸ್ಸು ಹೋದ ಮೇಲೆ ಉಳಿವೆಪ್ಪ ಆ ಗ್ಲಾಸನ್ನು ಒಳಗೆ ಒಯ್ದ. ಅದಕ್ಕೆ ಯಾರ ತುಟಿಯೂ ತಾಗಿರಲಿಲ್ಲ. ಆದರೂ ಎಂಜಲು ಗ್ಲಾಸುಗಳ ಜೊತೆಗೇ ಅದನ್ನೂ ತೊಳೆದು ಬೋರಲು ಹಾಕಿದ.