ಹದಿನಾಲ್ಕನ್ನು ಸೊನ್ನೆ ಮಾಡಿದೆ

ಬೈಲಹೊಂಗಲದ ನನ್ನ ಗ್ಯಾರೇಜಿನ ಗೋಡೆಯ ಮೇಲೆ ಒಂದು ಕರಿಹಲಗೆ ಇದೆ. ಟ್ಯೂನಿಂಗಿಗೆ ಬಂದ ಕಾರು ಯಾವುದೇ ಇರಲಿ, ಅದರ ಮೇಲೆ ಬರೆದ ಕ್ರಮದಲ್ಲೇ ಕೆಲಸ ನಡೆಯಬೇಕು. ಸೇನೆಯ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ನಾನು. ಎಂಟಕ್ಕೆ ಬಾಗಿಲು ತೆಗೆಯುತ್ತೇನೆ, ಎಂಟೂಕಾಲಿಗೆ ಮೊದಲ ಬಾನೆಟ್ ಏಳುತ್ತದೆ.

ಹಲಗೆಯ ಮೊದಲ ಸಾಲು ‘ನಳಿಕೆ’ ಎಂದಿತ್ತು. ಒಂದು ಮಾರುದ್ದದ ರಬ್ಬರ್ ನಳಿಕೆ. ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಇಂಜಿನ್ನಿನ ಗಾಳಿ ಪೈಪುಗಳ ಗುಂಟ ಆಡಿಸಬೇಕು. ಎಲ್ಲಿಯಾದರೂ ಗಾಳಿ ಸೋರುತ್ತಿದ್ದರೆ ಸುಯ್ಯೆನ್ನುತ್ತದೆ. ಸದ್ದು ಬಂದರೆ ಎರಡನೆಯ ಸಾಲು, ‘ಹೊಗೆ’: ಪೈಪುಗಳಿಗೆ ಹೊಗೆ ತುಂಬಿ ಸೋರುವ ಜಾಗ ನೋಡುವುದು. ಸದ್ದಿಲ್ಲದಿದ್ದರೆ ಹೊಗೆ ಬೇಕಿಲ್ಲ, ನೇರವಾಗಿ ಕಂಪ್ಯೂಟರ್. ಈ ನಿಯಮ ಮಾಡಿದವನು ನಾನೇ. ನನ್ನ ಕಿವಿಯ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ಎರಡು ವರ್ಷದ ಹಿಂದೆ, ಕಬ್ಬು ಕಡಿಯುವ ದಿನಗಳಲ್ಲಿ, ಮುನವಳ್ಳಿಯ ಒಬ್ಬ ಹೆಣ್ಣುಮಗಳು ತನ್ನ ಟರ್ಬೊ ಪೆಟ್ರೋಲ್ ಕಾರು ತಂದಳು. ನಲವತ್ತರ ಆಸುಪಾಸು. ಸವದತ್ತಿಯಿಂದ ರಾಮದುರ್ಗದವರೆಗಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಫಿಜಿಯೊಥೆರಪಿ ಮಾಡುವುದು ಅವಳ ಕೆಲಸ.

“ಕಾಕಾ, ಏರಿನ್ಯಾಗ ಉಸಿರು ಹಿಡದಂಗ ಮಾಡತೈತ್ರಿ,” ಎಂದಳು. “ಪೆಟ್ರೋಲ್ ಮಾತ್ರ ನೀರು ಕುಡದಂಗ ಕುಡಿತೈತಿ.”

“ನೀವ ಅದಕ್ಕ ಒಂದ್ ನಾಕ್ ವ್ಯಾಯಾಮ ಹೇಳಿಕೊಡಬೇಕಿತ್ತಿಲ್ರಿ,” ಎಂದರು ನನ್ನ ಪಾಲುದಾರರು. ಅವರು ಎಲೆಕ್ಟ್ರಿಷಿಯನ್, ಸವದತ್ತಿಯವರು.

“ಹೇಳೀನ್ರಿ. ನನ್ನ ಮುದುಕರಂಗ ಇದೂ ಮಾತು ಕೇಳವಲ್ದು.” ಆಮೇಲೆ ನಗು ನಿಲ್ಲಿಸಿ ನನ್ನತ್ತ ತಿರುಗಿದಳು. “ಗಾಡಿ ನಿಂದ್ರಬಾರದ್ರಿ ಕಾಕಾ. ಆಪರೇಶನ್ ಆದ ಮಣಕಾಲು ದಿನಾ ಮಡಚಬೇಕು. ಒಂದ್ ತಿಂಗಳು ನಾ ಹೋಗಲಿಲ್ಲಂದ್ರ ಕಟ್ಟಿಗಿ ಆಗ್ತಾವು.”

ನಳಿಕೆ ಹಿಡಿದು ಕೇಳಿದೆ. ಸದ್ದಿಲ್ಲ. ಕಂಪ್ಯೂಟರ್ ಜೋಡಿಸಿದೆ.

ಇಷ್ಟು ಗಾಳಿಗೆ ಇಷ್ಟು ಪೆಟ್ರೋಲ್ ಎಂಬ ಕೋಷ್ಟಕ ಕಾರಿನ ಕಂಪ್ಯೂಟರಿನಲ್ಲಿ ಇರುತ್ತದೆ. ಸೈಲೆನ್ಸರ್ ಪೈಪಿನಲ್ಲಿರುವ ಸೆನ್ಸರ್ ‘ಪೆಟ್ರೋಲ್ ಕಡಿಮೆ ಬಿತ್ತು’ ಎಂದರೆ ಅದು ತಾನಾಗಿ ಒಂದಿಷ್ಟು ಹೆಚ್ಚಿಸುತ್ತದೆ. ಈ ತಿದ್ದುಪಡಿಗೆ ನಾವು ಟ್ರಿಮ್ ಎನ್ನುತ್ತೇವೆ. ಗಳಿಗೆಗೊಮ್ಮೆ ಏರಿಳಿಯುವ ಟ್ರಿಮ್ ಒಂದು, ರೂಢಿಯಾಗಿ ಕೂತುಬಿಡುವ ಟ್ರಿಮ್ ಇನ್ನೊಂದು. ಅವಳ ಕಾರಿನಲ್ಲಿ ರೂಢಿಯಾಗಿ ಕೂತದ್ದು ಶೇಕಡಾ ಹದಿನಾಲ್ಕು ಹೆಚ್ಚು.

“ಸಾಹೇಬ್ರ, ಹದಿನಾಲ್ಕು ಸುಮ್ಮನ ಬರೂದಿಲ್ಲ. ಒಮ್ಮಿ ಹೊಗಿ ಹಾಕೂಣೇನ್ರಿ?” ಎಂದರು ಪಾಲುದಾರರು.

“ನಳಿಕ್ಯಾಗ ಸದ್ದು ಬಂತೇನು?”

“ನಿಮ್ಮ ಕಿವಿಗಿ ಬಂದಿಲ್ಲ.”

“ಮತ್ತ? ಹಲಗಿ ಓದ್ರಿ.”

ಅವರು ಹಲಗೆ ಓದಲಿಲ್ಲ. ಕೈ ತೊಳೆಯಲು ಹೋದರು.

ಗಾಳಿ ಅಳೆಯುವ ಮೀಟರ್ ಹಳತಾಗಿ ಕಡಿಮೆ ತೋರಿಸುತ್ತಿದೆ ಎಂದು ನಾನು ತೀರ್ಮಾನಿಸಿದೆ. ಕೋಷ್ಟಕವನ್ನೇ ಹದಿನಾಲ್ಕು ಏರಿಸಿದೆ. ನವಿಲುತೀರ್ಥದವರೆಗೆ ಓಡಿಸಿಕೊಂಡು ಬಂದೆ. ಕಾರು ಹಗುರವಾಗಿ ಎಳೆಯಿತು, ಟ್ರಿಮ್ ಸೊನ್ನೆಗೆ ಬಂದು ನಿಂತಿತು. ಹಲಗೆಯ ಮೇಲೆ ‘ಸೊನ್ನೆ’ ಎಂದು ಸೀಮೆಸುಣ್ಣದಲ್ಲಿ ಬರೆದೆ. ಮರುವಾರ ಅವಳು ಒಂದು ಡಬ್ಬಿ ಶೇಂಗಾ ಉಂಡಿ ಕೊಟ್ಟುಹೋದಳು.

ಮೂರು ತಿಂಗಳಿಗೆ ಕಾರು ಎಲ್ಲಮ್ಮನ ಗುಡ್ಡದ ಏರಿನಲ್ಲಿ ನೀಲಿ ಹೊಗೆ ಕಾರುತ್ತ ನಿಂತಿತು. ಎಳೆದು ತಂದೆವು. ಪಾಲುದಾರರು ಟರ್ಬೊ ಮುಂದಿನ ರಬ್ಬರ್ ಪೈಪು ಬಿಚ್ಚಿ ತಿರುವಿ ಹಿಡಿದರು. ಕೆಳಗಿನ ಮಡಿಕೆಯಲ್ಲಿ ಬೆರಳುದ್ದದ ಸೀಳು. ಮೀಟರನ್ನೂ ಫಿಲ್ಟರನ್ನೂ ತಪ್ಪಿಸಿ ಗಾಳಿ ಅಲ್ಲಿಂದ ಒಳಹೋಗುತ್ತಿತ್ತು. ಗಾಳಿಯ ಜೊತೆ ಕಬ್ಬಿನ ಹೊಲಗಳ ದಾರಿಯ ಧೂಳೂ ಹೋಗಿತ್ತು. ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಚಕ್ರದ ಅಂಚುಗಳು ಸವೆದು ಕಾಗದದಷ್ಟು ತೆಳ್ಳಗಾಗಿದ್ದವು. ಸಿಲಿಂಡರಿನ ಗೋಡೆಗಳಲ್ಲಿ ಗೀರುಗಳು. ಆ ಹದಿನಾಲ್ಕು, ಕಾರು ಮೂರು ತಿಂಗಳ ಹಿಂದೆಯೇ ಹೇಳಿದ ದೂರು. ನಾನು ಅದರ ಬಾಯಿ ಮುಚ್ಚಿಸಿ ಕಳಿಸಿದ್ದೆ.

ಪಾಲುದಾರರು ಜಗಳಾಡಲಿಲ್ಲ. ಪೈಪಿನ ಒಂದು ಬಾಯಿ ಕಟ್ಟಿ, ಇನ್ನೊಂದಕ್ಕೆ ಕಂಪ್ರೆಸರಿನ ಗಾಳಿ ಬಿಟ್ಟರು. ಸೀಳಿನ ತುಟಿಗಳು ಅದುರುವುದು ಕಣ್ಣಿಗೆ ಕಂಡಿತು.

“ಕೇಳಸ್ತೈತೇನ್ರಿ ಸಾಹೇಬ್ರ?”

ನಳಿಕೆ ಕಿವಿಗಿಟ್ಟೆ. ಏನೂ ಇಲ್ಲ.

“ಅಲ್ಲಿ ಚಾದ ಅಂಗಡ್ಯಾವ್ರೂ ತಿರುಗಿ ನೋಡಾಕತ್ತಾರ್ರಿ,” ಎಂದು ಅವರು ಗಾಳಿ ನಿಲ್ಲಿಸಿದರು.

ಆ ಹೆಣ್ಣುಮಗಳು ಬಾಗಿಲಲ್ಲೇ ನಿಂತಿದ್ದಳು. “ನೀವು ಮೊದಲ ದಿನಾನ ನನ್ನ ತುಟಿ ನೋಡಿ ಮಾತು ತಿಳಕೊಳ್ಳಾಕತ್ತಿದ್ರಿ ಕಾಕಾ,” ಎಂದಳು. “ನಿಮಗ ಗೊತ್ತೈತಿ ಅನ್ಕೊಂಡಿದ್ದೆ.”

ನನಗೆ ಗೊತ್ತಿತ್ತು. ಮನೆಯಲ್ಲಿ ಕುಕ್ಕರಿನ ಸೀಟಿ ಕೇಳದಾಗಿ ವರ್ಷವಾಗಿತ್ತು. ಅದನ್ನು ಗ್ಯಾರೇಜಿನ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ, ಅಷ್ಟೇ.

ಟರ್ಬೊ ಬರಲು, ಇಂಜಿನ್ ಕಟ್ಟಲು ಐದು ವಾರ ಹಿಡಿಯಿತು. ಕೂಲಿಯ ಮಾತು ನಾನು ಎತ್ತಲಿಲ್ಲ. ಹೊಸ ಪೈಪು ಹಾಕಿ, ಕೋಷ್ಟಕಕ್ಕೆ ಸೇರಿಸಿದ ಹದಿನಾಲ್ಕನ್ನು ತೆಗೆದೆ. ಹಲಗೆಯ ಮೊದಲ ಸಾಲು ಒರೆಸಿ ಅಲ್ಲಿ ‘ಹೊಗೆ’ ಎಂದು ಬರೆದೆ. ನಳಿಕೆಯನ್ನು ಪಾಲುದಾರರ ಕೈಗೆ ಕೊಟ್ಟೆ. ಅವರು ಅದನ್ನು ತಮ್ಮ ಕಡೆಯ ಮೊಳೆಗೆ ತೂಗುಹಾಕಿದರು.

ಓಡಿಸಿ ನೋಡುವ ದಿನ ಅವಳ ಜೊತೆಗೇ ಹೋದೆ. ಕಾರು ರಾಮದುರ್ಗದ ಈಚೆಯ ಒಂದು ಹಳ್ಳಿಯಲ್ಲಿ ನಿಂತಿತು. ದಿನಕ್ಕೆ ಒಂದೇ ಬಸ್ಸಿನ ಊರು. ಈ ಐದು ವಾರದಲ್ಲಿ ಯಾರದೋ ಬೈಕ್ ಹತ್ತಿ ಅವಳು ಅಲ್ಲಿಗೆ ಬಂದದ್ದು ನಾಲ್ಕೇ ಸಲ. ಹೊರಸಿನ ಮೇಲೆ ಒಬ್ಬ ಅಜ್ಜಿ ಬಲಗಾಲು ನೇರ ಚಾಚಿ ಕೂತಿದ್ದಳು. ಮಂಡಿಯ ಮೇಲೆ ಆಪರೇಶನ್ನಿನ ಗೆರೆ ಆಗಲೇ ಬೆಳ್ಳಗಾಗಿತ್ತು. ಹೆಣ್ಣುಮಗಳು ಹಿಮ್ಮಡಿ ಹಿಡಿದು ಮೆಲ್ಲಗೆ ಒತ್ತಿದಳು. ಮಂಡಿ ಸ್ವಲ್ಪ ಬಾಗಿ ನಿಂತಿತು. ಮತ್ತೆ ಒತ್ತಿದಳು. ಅಜ್ಜಿ ಹಲ್ಲು ಕಚ್ಚಿದಳು, ಮಂಡಿ ಅಲ್ಲೇ ಇತ್ತು.

“ಇನ್ನ ಬಿಡವಾ. ಇದು ಬಾಗೂದು ಇಷ್ಟ,” ಎಂದಳು ಅಜ್ಜಿ. ಬಾಗಿಲಲ್ಲಿದ್ದ ನನ್ನನ್ನು ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಏನೋ ಕೇಳಿದಳು.

ನನಗೆ ಕೇಳಿಸಲಿಲ್ಲ ಎಂದು ತಿಳಿದು ಹೆಣ್ಣುಮಗಳು ಗಟ್ಟಿಯಾಗಿ ಹೇಳಿದಳು: “ಯಾರು ಅಂತ ಕೇಳತಾರ್ರಿ. ಅಜ್ಜಿ, ಇವರು ನನ್ನ ಗಾಡಿ ರಿಪೇರಿ ಮಾಡಿದ ಕಾಕಾ.”

ಅಜ್ಜಿ ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಹೊರಸಿನ ಒಂದು ಬದಿಗೆ ಸರಿಸಿದಳು. ತೆರವಾದ ಜಾಗವನ್ನು ಅಂಗೈಯಿಂದ ಬಡಿದು, ಕೂತುಕೋ ಎಂದು ನನಗೆ ಸನ್ನೆ ಮಾಡಿದಳು.