ಕ್ಯಾಲೆಂಡರಿನ ಗೆರೆಗಳು

ನೆರಿಯ ಎಂಬ ಹಳ್ಳಿಯ ಅಂಗನವಾಡಿಯಲ್ಲಿ ಸಹಾಯಕಿಯಾದ ಸೇಸಮ್ಮ ಹತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ಅನ್ನ ಬೇಯಿಸಿ, ಚಡ್ಡಿ ತೊಳೆದು ಬಂದವರು. ಐದು ವರ್ಷದ ವಿಸ್ಮಿತಾಳ ಚಡ್ಡಿ ದಿನವೂ ಹಾಳಾಗುತ್ತಿದ್ದಾಗ, ಅದು ಭೇದಿ ಎಂದು ಅವಳ ತಾಯಿ ನವ್ಯಾ ತಿಳಿದಿದ್ದಳು. ಅಲ್ಲವೆಂದವರು ಸೇಸಮ್ಮ. ಮಗು ಮೂಲೆಯಲ್ಲಿ ಕಾಲು ಹೆಣೆದು, ಬೆವರುತ್ತ ಮಲ ತಡೆಹಿಡಿಯುವುದನ್ನು ಅವರು ಕಂಡಿದ್ದರು.

ಬೆಳ್ತಂಗಡಿಯ ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಅದನ್ನೇ ಹೇಳಿದರು. ಮಲ ಗಟ್ಟಿಯಾಗಿ ಒಳಗೆ ಕಟ್ಟಿಕೊಂಡಿದೆ, ಅದರ ಬದಿಯಿಂದ ನೀರಾದದ್ದು ಸೋರುತ್ತಿದೆ. ನೀರಿಗೆ ಬೆರೆಸುವ ಪುಡಿ ಬರೆದುಕೊಟ್ಟು, ಸರಿಯಾಯಿತೆಂದು ಕಂಡರೂ ನಾವು ಹೇಳದೆ ನಿಲ್ಲಿಸಬೇಡಿ ಎಂದರು. ಜೂನ್‌ನಲ್ಲಿ ಒಂದನೇ ತರಗತಿ. ಅಷ್ಟರೊಳಗೆ ಗುಣವಾಗದಿದ್ದರೆ ಶಾಲೆಯಲ್ಲಿ ಯಾರೂ ಇವಳ ಪಕ್ಕ ಕೂರುವುದಿಲ್ಲ ಎಂಬುದೇ ಸೇಸಮ್ಮನ ಚಿಂತೆ.

ಅವರು ತಮ್ಮ ಮನೆಯ ಗೋಡೆಯಿಂದಲೇ ಕ್ಯಾಲೆಂಡರು ಇಳಿಸಿ ನವ್ಯಾಳಿಗೆ ಕೊಟ್ಟರು. ಮದ್ದು ಕುಡಿಸಿದ ದಿನಕ್ಕೊಂದು ಗೆರೆ ಅವಳು ಎಳೆಯಬೇಕು. ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಮಗುವನ್ನು ಪಾಯಿಖಾನೆಯಲ್ಲಿ ಕೂರಿಸಿ, ಬಾಗಿಲಾಚೆ ಕುಳಿತು ಕತೆ ಹೇಳುವುದು ತಮ್ಮ ಪಾಲಿನ ಕೆಲಸ. ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಡಿಸೆಂಬರಿನಲ್ಲಿ ಮತ್ತೆ ಸೋರಿತು. ಕ್ಯಾಲೆಂಡರಿನಲ್ಲಿ ಒಂದು ದಿನವೂ ಖಾಲಿ ಇರಲಿಲ್ಲ.

ಸೇಸಮ್ಮನಿಗೆ ಡಾಕ್ಟರ ಮೇಲೆ ಸಿಟ್ಟು ಬಂತು. ರಜೆ ಹಾಕಿ ತಾಯಿ ಮಗಳ ಜೊತೆ ಬಸ್ಸು ಹತ್ತಿದರು. ಎಂದೂ ದೊಡ್ಡವರೆದುರು ಸ್ವರ ಎತ್ತದವರು ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ನಿಮ್ಮ ಮದ್ದಿಗಿಂತ ನಮ್ಮ ಗಂಜಿತಿಳಿ ವಾಸಿ ಡಾಕ್ಟ್ರೇ. ನೋಡಿ, ಈ ನವ್ಯಾ ಒಂದು ದಿನ ತಪ್ಪಿಸಿದ್ದುಂಟಾ?"

ಡಾಕ್ಟರು ಮಗುವಿನತ್ತ ಬಾಗಿ, ಮದ್ದು ಕುಡಿಯಲು ಕಷ್ಟವಾಗುತ್ತದೆಯೇ ಎಂದು ಕೇಳಿದರು.

"ಅದು ಈಗ ಇಲ್ಲ," ಎಂದಳು ವಿಸ್ಮಿತಾ. "ಅಮ್ಮ ಗೆರೆ ಮಾತ್ರ ಹಾಕುದು."

ನವ್ಯಾ ತಲೆ ತಗ್ಗಿಸಿದಳು. ಸೇಸಮ್ಮ ಕ್ಯಾಲೆಂಡರನ್ನು ಮಡಚಿದರು, ಮತ್ತೆ ಬಿಡಿಸಿ ಮಡಚಿದರು. ಹಿಗ್ಗಿದ ಕರುಳು ಮೊದಲಿನಂತಾಗಲು ತಿಂಗಳುಗಳೇ ಬೇಕು, ಇನ್ನು ಮೊದಲಿನಿಂದ ಶುರುಮಾಡಬೇಕು ಎಂದು ಡಾಕ್ಟರು ಹೇಳುತ್ತಿದ್ದರು.

ಬಸ್ಸಿನಲ್ಲಿ ನವ್ಯಾ ಮೆಲ್ಲಗೆ ಬಾಯಿ ಬಿಟ್ಟಳು. "ದಿನಾ ಕೊಟ್ಟರೆ ಅಭ್ಯಾಸ ಆಗ್ತದೆ ಅಂತ ಮನೆಯಲ್ಲಿ ಎಲ್ಲ ಹೇಳಿದರು ಸೇಸಕ್ಕ. ನಿಮ್ಮತ್ರ ಹೇಳ್ಲಿಕ್ಕೆ ಹೆದರಿಕೆ ಆಯ್ತು."

"ನನಗೆ ಹೆದರಿ ನನ್ನ ಕೈಯಲ್ಲೇ ಡಾಕ್ಟ್ರತ್ರ ಜಗಳ ಮಾಡಿಸಿದೆ ಅಲ್ವಾ," ಎಂದರು ಸೇಸಮ್ಮ.

ಈಗ ಪುಡಿಯ ಡಬ್ಬ ಸೇಸಮ್ಮನ ಚೀಲದಲ್ಲಿರುತ್ತದೆ. ಡಾಕ್ಟರು ಹೇಳಿದ ಅಳತೆಯಲ್ಲಿ ಅವರೇ ಬೆರೆಸಿ ಕುಡಿಸುತ್ತಾರೆ. ಭಾನುವಾರ ಮಗು ಅವರ ಮನೆಗೇ ಹೋಗುತ್ತದೆ. ಜನವರಿಯ ಒಂದು ಬೆಳಿಗ್ಗೆ ನವ್ಯಾ ಹೊಸ ಕ್ಯಾಲೆಂಡರು ತಂದು, ಇನ್ನು ಗೆರೆ ನೀವೇ ಹಾಕಿ ಎಂದಳು.

ಸೇಸಮ್ಮ ಅದನ್ನು ಮುಟ್ಟಲಿಲ್ಲ.

"ಬೇಡ. ಚಡ್ಡಿ ನೋಡಿದರೆ ನನಗೆ ಗೊತ್ತಾಗ್ತದೆ."